ಅರವತ್ತೈದು ಇಂಚು, ಎರಡು ಗಂಟೆ

ಟಿವಿ ತರುವ ಮಾತು ಎದ್ದದ್ದು ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ. ನಾಗಮಂಗಲದಿಂದ ಮೈದುನ, ಕೆ.ಆರ್. ಪೇಟೆಯಿಂದ ನಾದಿನಿ, ಇಬ್ಬರೂ ಅತ್ತೆಯನ್ನು ನೋಡಿಕೊಂಡು ಹೋಗಲು ಬಂದಿದ್ದರು. ಅತ್ತೆಗೆ ಲಕ್ವ ಹೊಡೆದು ಆಗ ಏಳು ತಿಂಗಳಾಗಿತ್ತು. ಬಲಗೈ ಬಲಗಾಲು ಸ್ವಾಧೀನವಿರಲಿಲ್ಲ, ಮಾತು ನಿಂತಿತ್ತು. ಕಣ್ಣು, ಕಿವಿ, ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕಾಗಿದ್ದವು. ನಡುಮನೆಯ ಮಂಚದ ಮೇಲೆ ಮಲಗಿ, ನಾವು ಆಡುವುದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಆ ಏಳು ತಿಂಗಳಿಂದ ನಾನು ಡೇರಿಯ ಮೆಟ್ಟಿಲು ಹತ್ತಿರಲಿಲ್ಲ. ನಮ್ಮೂರು ಪಾಂಡವಪುರಕ್ಕೆ ಹತ್ತಿರ, ನಾಲೆಯ ಬಯಲು. ಮನೆಗೆರಡು ಹಸು ಇಲ್ಲದವರು ಕಡಿಮೆ. ಊರಿನ ಹಾಲಿನ ಡೇರಿಯಲ್ಲಿ ಹನ್ನೊಂದು ವರ್ಷ ನಾನೇ ಟೆಸ್ಟರ್. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಮತ್ತೆ ಅಷ್ಟೇ ಹೊತ್ತು. ಒಬ್ಬೊಬ್ಬರ ಕ್ಯಾನಿನಿಂದ ಒಂದು ಸಣ್ಣ ಲೋಟ ಹಾಲು ತೆಗೆದು ಯಂತ್ರಕ್ಕಿಡುವುದು, ಜಿಡ್ಡು ಎಷ್ಟಿದೆಯೆಂದು ಕೂಗಿ ಹೇಳುವುದು. ಊರಗೌಡರ ಹಾಲಾಗಲಿ, ಒಂದೇ ಹಸು ಕಟ್ಟಿಕೊಂಡ ಮುದುಕಿಯ ಹಾಲಾಗಲಿ, ಯಂತ್ರ ತೋರಿಸಿದ್ದಕ್ಕಿಂತ ಒಂದು ಚುಕ್ಕೆ ಹೆಚ್ಚು ಕಡಿಮೆ ನನ್ನ ಬಾಯಿಂದ ಬಂದದ್ದಿಲ್ಲ. ಅತ್ತೆ ಬಿದ್ದ ದಿನ ಬಿಟ್ಟು ಬಂದ ಆ ಕುರ್ಚಿಯಲ್ಲಿ ಈಗ ಬೇರೊಬ್ಬಳು ತಾತ್ಕಾಲಿಕವಾಗಿ ಕೂತಿದ್ದಳು. ಕಾರ್ಯದರ್ಶಿ ಮನೆಯ ತನಕ ಬಂದು ಹೇಳಿ ಹೋಗಿದ್ದರು: "ಗೌರಿ ಹಬ್ಬದ ಗಂಟ ಕಾಯ್ತೀನಿ ಕಣವ್ವ. ಅಷ್ಟರೊಳಗೆ ಬಂದ್ಬುಡು. ಆಮೇಲೆ ನನ್ ಕೈಲಿ ಆಗಕಿಲ್ಲ."

ಆ ಭಾನುವಾರ ನಾನು ಧೈರ್ಯ ಮಾಡಿ ಕೇಳಿದೆ. ಸಂಜೆಯ ಪಾಳಿ ಆ ಹುಡುಗಿಗೇ ಇರಲಿ, ಬೆಳಿಗ್ಗೆ ಎರಡು ಗಂಟೆ ಮಾತ್ರ ಯಾರಾದರೂ ಅತ್ತೆಯ ಹತ್ತಿರ ಕೂತರೆ ನಾನು ಡೇರಿಗೆ ಹೋಗಿ ಬರುತ್ತೇನೆ ಎಂದೆ. ನನ್ನ ಗಂಡ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಇನ್ನೊಂದು ಎಲೆಗೆ ಸುಣ್ಣ ಸವರಿದರು. ಅವರಿಗೆ ಬೆಳಗ್ಗೆ ಗದ್ದೆಯ ನೀರು ನೋಡುವ ಕೆಲಸ. ಮೈದುನ ಗೋಡೆ ನೋಡಿದ. ನಾದಿನಿ ಮಾತ್ರ ನನ್ನ ಕೈ ಹಿಡಿದುಕೊಂಡಳು.

"ಪಾಪ, ಅತ್ತಿಗೇಗೆ ಒತ್ತೇ ಓಗಕಿಲ್ಲ. ದಿನವೆಲ್ಲ ಈ ಮನೇಲಿ ಒಬ್ಳೇ ಅಲ್ವಾ?"

"ಒಂದು ದೊಡ್ಡ ಟಿವಿ ತಂದ್ಬುಡಾನ," ಎಂದ ಮೈದುನ, ದಾರಿ ಸಿಕ್ಕವನಂತೆ. "ಅರವತ್ತೈದು ಇಂಚಿಂದು. ಅವ್ವಂಗೂ ಆಯ್ತದೆ, ಅತ್ತಿಗೇಗೂ ಆಯ್ತದೆ. ನಾವೆಲ್ಲ ಸೇರ್ಕೊಂಡು ತರಾನ. ಯಾವ್ದು ಬೇಕು ಅಂತ ಅತ್ತಿಗೇನೇ ಆರಿಸ್ಲಿ."

"ನೀನೇ ಆರ್ಸು ಕಣಮ್ಮಿ," ಎಂದರು ನನ್ನ ಗಂಡ, ಬಾಯಿಯ ಎಲೆಯ ನಡುವೆ.

ನಾನು ಕೇಳಿದ್ದು ಎರಡು ಗಂಟೆ. ಅವರು ಕೊಟ್ಟದ್ದು ಅರವತ್ತೈದು ಇಂಚು. ಎಲ್ಲರ ಮುಖದಲ್ಲೂ ಪ್ರೀತಿಯೇ ಇತ್ತು. ಅದಕ್ಕೇ ನನಗೆ ಬಾಯಿ ಕಟ್ಟಿಹೋಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆದರೆ ಒಂದು ವಿಚಿತ್ರ ನಡೆಯಿತು. ಡೇರಿಗೆ ಹೋಗಲು ಸಿಗದ ಜನ ಟಿವಿ ನೋಡಲು ಹೋಗುತ್ತೇನೆಂದ ಕೂಡಲೇ ಸಿಕ್ಕಿದರು. ಪಕ್ಕದ ಬೀದಿಯಲ್ಲಿರುವ ಗಂಡನ ಚಿಕ್ಕಮ್ಮ ಮಂಗಳವಾರ ಬಂದು ಅತ್ತೆಯ ಮಂಚದ ಬಳಿ ಕೂತರು. "ಓಗ್ಬಾ, ನಿಧಾನವಾಗಿ ನೋಡ್ಕೊಂಡ್ ಬಾ" ಎಂದರು. ನಾನು ಸೀರೆ ಬದಲಾಯಿಸಿ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತೆ. ಬಸ್ಸಿನಲ್ಲಿ ಕೂತು ಏಳು ತಿಂಗಳಾಗಿತ್ತು ಎಂಬುದು ಗಾಳಿ ಮುಖಕ್ಕೆ ಹೊಡೆದಾಗ ನೆನಪಾಯಿತು.

ಅಲ್ಲಿ ಪೇಟೆ ಬೀದಿಯ ಟಿವಿ ಅಂಗಡಿ ಹಳೆಯದು. ಯಜಮಾನರು ಬಿಳಿ ಗಡ್ಡದ ಸಾಬರು, ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರಂತೆ. ಗೋಡೆಯ ಮೇಲೆ ಮೂರು ದೊಡ್ಡ ಟಿವಿ ಹೊತ್ತಿಕೊಂಡಿದ್ದವು. ಮೂರರಲ್ಲೂ ನೀಲಿ ಸಮುದ್ರ, ಕೆಂಪು ಗಿಳಿ, ಕೊಯ್ದ ಕಿತ್ತಳೆ ಹಣ್ಣು. ನನಗೆ ಮೂರೂ ಒಂದೇ ಥರ ಕಂಡವು. ಹಾಗೆಂದೆ.

ಅವರು ನಕ್ಕರು. "ಗಿಳಿ ತೋರ್ಸಿದ್ರೆ ಎಲ್ಲಾ ಟಿವಿನೂ ಚಂದಾನೇ ತಂಗಿ. ಮೊದ್ಲು ಹೇಳಿ, ನೋಡೋರು ಎಲ್ಲಿ ಕೂರ್ತಾರೆ?"

ಇದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೂರುವುದಿಲ್ಲ, ಮಲಗಿರುತ್ತಾರೆ ಎಂದೆ. ಅತ್ತೆಯ ವಿಷಯ ಹೇಳಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹಾಗಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಂದೆ. ಅವರು ಒಂದು ಮೋಟು ಸ್ಟೂಲು ಎಳೆದು, ಗೋಡೆಯ ಒಂದು ಮೂಲೆಗೆ ಹಾಕಿ, ಕೂತು ನೋಡಿ ಎಂದರು. ಕೂತೆ. ನೇರ ನಿಂತಾಗ ಕಾಡಿಗೆಯಂತಿದ್ದ ಮೊದಲನೆಯ ಟಿವಿಯ ಕಪ್ಪು, ಪಕ್ಕದಿಂದ ಬೂದಿಯಾಗಿಬಿಟ್ಟಿತು. ಗಿಳಿಯ ಕೆಂಪು ಬೆಳ್ಳಗಾಯಿತು. ಎರಡನೆಯದರ ಬಣ್ಣ ಪಕ್ಕದಿಂದಲೂ ಹಾಗೇ ನಿಂತಿತ್ತು, ಆದರೆ ಅದರ ಕಪ್ಪು ನೇರದಿಂದ ನೋಡಿದರೂ ಅಷ್ಟು ಗಟ್ಟಿಯಲ್ಲ. ಮೂರನೆಯದು ಎಲ್ಲಿಂದ ನೋಡಿದರೂ ಚೆಂದ, ಆದರೆ ಅದರ ಬೆಲೆ ಕೇಳಿ ಇಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ.

"ಎಲ್ಲಾ ಒಂದ್ರಲ್ಲೇ ಸಿಗಲ್ಲ ತಂಗಿ. ಯಾವ್ದು ಬಿಡಬೋದು ಅಂತ ನೋಡ್ಬೇಕು," ಎಂದರು ಸಾಬರು. ಆ ದಿನವೇ ಎರಡನೆಯದನ್ನು ಕೊಳ್ಳಬಹುದಿತ್ತು. ಮನಸ್ಸಿನಲ್ಲಿ ನಿರ್ಧಾರವೂ ಆಗಿತ್ತು. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ಯೋಚನೆ ಬಂತು: ಕೊಂಡರೆ ಮುಗಿಯಿತು. ಮುಂದಿನ ಮಂಗಳವಾರ ಚಿಕ್ಕಮ್ಮ ಬರುವುದಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ: "ಒಂದೇ ಅಂಗ್ಡೀಲಿ ನೋಡಿದ್ರೆ ಗೊತ್ತಾಗಕಿಲ್ಲ. ಕೆ.ಆರ್. ಪೇಟೇಲೂ ನೋಡಬೇಕು."

"ನೋಡು," ಎಂದರು ಅವರು.

ಹೀಗೆ ನಾನು ಟಿವಿಗಳನ್ನು ಹೋಲಿಸಲು ಶುರುಮಾಡಿದೆ. ಮೋಸ ಮಾಡುತ್ತಿದ್ದೇನೆ ಎಂಬ ಅಳುಕಿತ್ತು. ಆದರೆ ಕೆಲಸವನ್ನು ಮಾತ್ರ ಮೋಸವಿಲ್ಲದೆ ಮಾಡಿದೆ. ಹನ್ನೊಂದು ವರ್ಷ ಕಲಿತದ್ದು ಒಂದೇ ಪಾಠ: ಎರಡು ಯಂತ್ರಗಳಲ್ಲಿ ಯಾವುದು ಸರಿಯೆಂದು ತಿಳಿಯಬೇಕಾದರೆ ಎರಡಕ್ಕೂ ಒಂದೇ ಹಾಲು ಹಾಕಬೇಕು. ಅಂಗಡಿಗೊಂದು ಗಿಳಿ, ಅಂಗಡಿಗೊಂದು ಸಮುದ್ರ ನೋಡಿದರೆ ಏನು ತಿಳಿದೀತು? ನನ್ನದೇ ಒಂದು ವಿಡಿಯೊ ಬೇಕಿತ್ತು. ಫೋನಿನಲ್ಲಿ ಹುಡುಕಿದಾಗ ಹಿಂದಿನ ಚಳಿಗಾಲದ್ದೊಂದು ಸಿಕ್ಕಿತು. ಮೈಸೂರಿನ ಹಾಸ್ಟೆಲಿನಲ್ಲಿ ಓದುವ ಮಗಳು ಡೇರಿ ನೋಡಬೇಕೆಂದಳೆಂದು ಒಂದು ಬೆಳಗಿನ ಜಾವ ಫೋನನ್ನು ತೂಕದ ಯಂತ್ರಕ್ಕೆ ಒರಗಿಸಿಟ್ಟು ತೆಗೆದದ್ದು. ಅದರಲ್ಲಿ ಕತ್ತಲೆಯಿತ್ತು, ಬಾಗಿಲಾಚೆ ಮಂಜಿತ್ತು, ಬಲ್ಬಿನ ಕೆಳಗೆ ಬಿಳಿ ಹಾಲಿತ್ತು, ಜನರ ಮುಖಗಳಿದ್ದವು. ಟಿವಿಯ ಕಪ್ಪು ಬಿಳುಪು ಅಳೆಯಲು ಅದಕ್ಕಿಂತ ಒಳ್ಳೆಯದು ಸಿಗುವಂತಿರಲಿಲ್ಲ. ಪಾಂಡವಪುರದ ಮೊಬೈಲ್ ಅಂಗಡಿಯಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡೆ.

ಮುಂದಿನ ವಾರ ಕೆ.ಆರ್. ಪೇಟೆ. ನಾದಿನಿ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ದೊಡ್ಡ ಗಾಜಿನ ಅಂಗಡಿ, ಎರಡು ಮಹಡಿ. ಮಾರುವ ಹೆಣ್ಣುಮಗಳು ಪೆನ್‌ಡ್ರೈವ್ ನೋಡಿ ಮುಖ ಸಣ್ಣ ಮಾಡಿದಳು. "ಮೊಬೈಲ್ ವಿಡಿಯೊ ದೊಡ್ಡ ಸ್ಕ್ರೀನಲ್ಲಿ ಚೆನ್ನಾಗಿ ಬರಲ್ಲ ಮೇಡಂ," ಎಂದಳು. "ಚೆನ್ನಾಗಿ ಬರ್ದೇ ಇರೋದ್ನೇ ನೋಡಬೇಕಮ್ಮ," ಎಂದೆ. ಅಂಗಡಿಯಲ್ಲಿ ಇನ್ನೂ ಗಿರಾಕಿಗಳಿದ್ದರೆಂದು ಸದ್ದು ಪೂರ್ತಿ ಇಳಿಸಿ ಹಾಕಿದಳು. ಅಲ್ಲಿನ ಅರವತ್ತೈದು ಇಂಚಿನ ಟಿವಿ ಹಾಲನ್ನು ನೀಲಿ ಮಾಡಿತು, ಮುಖಗಳನ್ನು ಕಿತ್ತಳೆ ಮಾಡಿತು. ಅಂಗಡಿಯ ಬೆಳಕಿಗೆ ಬಣ್ಣವನ್ನು ಪೂರ್ತಿ ಏರಿಸಿಟ್ಟಿದ್ದರು. ಸಾದಾ ಮಾಡಿ ತೋರಿಸಿ ಎಂದೆ. ಸಾದಾ ಮಾಡಿದ ಮೇಲೆ ಅದೂ ಶ್ರೀರಂಗಪಟ್ಟಣದ ಮೊದಲನೆಯ ಜಾತಿಯದೇ ಎಂದು ತಿಳಿಯಿತು: ನೇರಕ್ಕೆ ಕಾಡಿಗೆ, ಪಕ್ಕಕ್ಕೆ ಬೂದಿ.

ನಾದಿನಿಗೆ ಸಾಕಾಗಿತ್ತು. "ಎಲ್ಲಾನೂ ಒಂದೇ ಅಲ್ವಾ ಅತ್ತಿಗೆ? ಎಣ್ಣು ನೋಡೋಕ್ ಬಂದಂಗೆ ನೋಡ್ತೀಯಲ್ಲ! ಯಾವ್ದೋ ಒಂದು ತಕೊಂಡು ಓಗು."

ನಾನು ನಕ್ಕು, ಇನ್ನೂ ನಾಗಮಂಗಲ ನೋಡಬೇಕು ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಅವಳಿಗೆ ತಿಳಿಯಿತೋ ಏನೋ. ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದಳು.

ಆಮೇಲಿನ ವಾರಗಳಲ್ಲಿ ಶ್ರೀರಂಗಪಟ್ಟಣಕ್ಕೆ ಇನ್ನೊಮ್ಮೆ ಹೋದೆ, ಪಾಂಡವಪುರದಲ್ಲಿ ಎರಡು ಅಂಗಡಿ ನೋಡಿದೆ. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಕಾರ್ಯದರ್ಶಿಯ ಮಾತು ಪ್ರತಿದಿನ ಎದೆಯಲ್ಲಿ ಕುಟುಕುತ್ತಿತ್ತು. ಆದರೂ ಗಂಡನ ಬಳಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದರೆ ಈ ಮಂಗಳವಾರಗಳೂ ಕೈಬಿಟ್ಟು ಹೋದಾವು ಎಂಬ ಭಯ. ವಾರಕ್ಕೊಮ್ಮೆ ಸಿಗುವ ಮೂರ್ನಾಲ್ಕು ಗಂಟೆ ಹೊತ್ತಿನ ಸಣ್ಣ ಬಿಡುಗಡೆಗೆ ನಾನು ಅಷ್ಟು ಅಂಟಿಕೊಂಡಿದ್ದೆ.

ಅಷ್ಟರಲ್ಲಿ ಗಂಡ ಮನೆಯಲ್ಲಿ ಜಾಗ ನೋಡಿದರು. ಹಳೆಯ ಪತ್ರಿಕೆಗಳನ್ನು ಅಂಟಿಸಿ ಅರವತ್ತೈದು ಇಂಚಿನಷ್ಟು ಅಗಲ ಮಾಡಿ, ಅತ್ತೆಯ ಮಂಚದ ಎದುರಿನ ಗೋಡೆಗೆ ಹಚ್ಚಿದರು. ಆ ಗೋಡೆಯಲ್ಲಿ ಒಂದು ಕಿಟಕಿಯಿದೆ. ಪತ್ರಿಕೆ ಅದರ ಮುಕ್ಕಾಲು ಭಾಗ ಮುಚ್ಚಿತು. "ಕಿಟ್ಕಿಗೆ ಅಲ್ಗೆ ಬಡ್ದು ಮುಚ್ಚಿಬುಟ್ರೆ ಆಯ್ತು. ಬೆಳ್ಕು ಬಿದ್ರೆ ಟಿವಿ ಸರ್ಯಾಗಿ ಕಾಣಕಿಲ್ವಂತೆ," ಎಂದರು.

ಅತ್ತೆ ಎಡಗೈ ಎತ್ತಿದರು. ಗಂಟಲಿನಿಂದ ಒಂದು ಸದ್ದು ಬಂತು. ನೀರು ಬೇಕೇ ಎಂದರೆ ಅಲ್ಲ. ಮಗ್ಗುಲು ಬದಲಿಸಲೇ ಎಂದರೆ ಅಲ್ಲ. ಕೈ ಪತ್ರಿಕೆಯ ಕಡೆಗೇ ಇತ್ತು. ನಾನು ಅವರ ದಿಂಬಿನ ಪಕ್ಕ ತಲೆಯಿಟ್ಟು ಅವರು ನೋಡುವ ಕಡೆಗೇ ನೋಡಿದೆ. ಪತ್ರಿಕೆಯ ಕೆಳಗೆ ಉಳಿದ ಒಂದು ಗೇಣು ಕಿಟಕಿಯಲ್ಲಿ ಕೊಟ್ಟಿಗೆಯ ಗೊಂತು, ಎರಡು ಹಸುಗಳ ಕಾಲು ಮಾತ್ರ ಕಾಣುತ್ತಿದ್ದವು. ಮೊದಲಾದರೆ ಅಲ್ಲಿಂದ ಹಸುಗಳು, ಬೇಲಿಯಾಚೆ ದಾರಿ, ದಾರಿಯಲ್ಲಿ ಕ್ಯಾನು ಹಿಡಿದು ಹೋಗುವವರು, ಕುಂತಿಬೆಟ್ಟದ ತುದಿ ಎಲ್ಲ ಕಾಣುತ್ತಿತ್ತು. ಅತ್ತೆಯ ದಿನ ಕಳೆಯುತ್ತಿದ್ದದ್ದು ಅದರಲ್ಲೇ. ಏಳು ತಿಂಗಳು ಅವರ ಮೈ ಒರೆಸಿದವಳು ನಾನು. ಅವರು ಏನು ನೋಡುತ್ತಾರೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ನಾನು ಎದ್ದು ಪತ್ರಿಕೆಯನ್ನು ಕಿತ್ತೆ. ಗಂಡನಿಗೆ ಸಿಟ್ಟು ಬಂತು. "ಏನಮ್ಮಿ ನೀನು? ಈಗ್ತಾನೆ ಅಂಟಿಸಿವ್ನಿ!"

"ಕಿಟ್ಕಿ ಮುಚ್ಬೇಡಿ. ಅವ್ರಿಗೆ ಬೇಕು ಅದು. ಟಿವಿ ಪಕ್ಕದ್ ಗ್ವಾಡೆಗೆ ಆಗ್ಲಿ."

"ಆ ಗ್ವಾಡೆಗೆ ಅರವತ್ತೈದು ಇಡ್ಸಕಿಲ್ಲ."

"ಐವತ್ತೈದು ತರಾನ."

ಗಂಡ ಅವ್ವನ ಮುಖ ನೋಡಿದರು. ಅತ್ತೆ ಕೈ ಇಳಿಸಿ ಕಣ್ಣು ಮುಚ್ಚಿದರು. ಅಲ್ಲಿಗೆ ಅದು ಇತ್ಯರ್ಥವಾಯಿತು. "ಆದ್ರೆ ಈ ಭಾನ್ವಾರ ಕಡೇ ಕಿತ," ಎಂದರು ಗಂಡ. "ನಾಗಮಂಗ್ಲಕ್ಕೆ ನಾನೂ ಬತ್ತೀನಿ. ಅಬ್ಬಕ್ಕೆ ಬೆಲೆ ಇಳ್ಸವ್ರಂತೆ. ನೋಡೋದು, ಮುಗ್ಸೋದು."

ಭಾನುವಾರ ಚಿಕ್ಕಮ್ಮನನ್ನು ಅತ್ತೆಯ ಬಳಿ ಕೂರಿಸಿ ಬೈಕಿನಲ್ಲಿ ಹೊರಟೆವು. ಮೇಲುಕೋಟೆ ದಾಟಿದ ಮೇಲೆ ನೆಲ ಒಣಗುತ್ತ ಹೋಗುತ್ತದೆ. ಗದ್ದೆ ಮುಗಿದು ರಾಗಿಯ ಹೊಲ, ತೆಂಗು ಶುರುವಾಗುತ್ತವೆ. ನಾವಿಬ್ಬರೇ ಹೀಗೆ ಹೋಗಿ ಎಷ್ಟೋ ಕಾಲವಾಗಿತ್ತು. ದಾರಿಯಲ್ಲಿ ಅವರು ರಾಗಿ ಪೈರಿನ ಬಗ್ಗೆ ಮಾತಾಡಿದರು. ನಾನು ಹೂಂಗುಟ್ಟಿದೆ. ಹಬ್ಬಕ್ಕೆ ಇನ್ನು ಮೂರೇ ದಿನವಿತ್ತು.

ನಾಗಮಂಗಲದ ಅಂಗಡಿಯಲ್ಲಿ ಐದು ಟಿವಿಗಳನ್ನು ಒಂದೇ ಸಾಲಿನಲ್ಲಿ ತೂಗು ಹಾಕಿದ್ದರು. ಮಾರುವವನು ನನ್ನ ಪೆನ್‌ಡ್ರೈವ್ ತೆಗೆದುಕೊಂಡು, "ಐದಕ್ಕೂ ಒಟ್ಟಿಗೇ ಹಾಕ್ತೀನಿ ನೋಡಿ ಅಕ್ಕ," ಎಂದ. ಹಾಕಿದ. ಸದ್ದು ಇಳಿಸುವುದನ್ನು ಮರೆತಿದ್ದ.

ಐದು ಟಿವಿಗಳಲ್ಲೂ ನಾನು ಕೂತಿದ್ದೆ. ತಲೆಗೆ ಶಾಲು ಸುತ್ತಿಕೊಂಡು, ಅರ್ಧ ಮುಖ, ಎರಡು ಕೈ. ಐದು ಟಿವಿಗಳಿಂದಲೂ ನನ್ನ ದನಿ ಬಂತು: "ಮೂರು ಪಾಯಿಂಟ್ ಒಂಬತ್ತು! ಏನಜ್ಜಿ, ಮೊಮ್ಮಗಳ್ಗೆ ಕೊಡೋ ಬೆಲ್ಲ ಅಸೂಗೆ ತಿನ್ನಿಸ್ಬುಟ್ಟಾ?" ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ, ತಲೆ ಹಿಂದಕ್ಕೆ ಹಾಕಿ, ಬಾಯ್ತುಂಬ. ಆಮೇಲೆ ಯಾರೋ ಹಿಂದಿನಿಂದ, "ಬೇಗ ನೋಡವ್ವ, ಬಿಸ್ಲು ಬತ್ತದೆ," ಎಂದರು. ನಾನು, "ಯಂತ್ರ ಓಡ್ಬೇಕಲ್ಲಪ್ಪ, ನಾನು ಓಡೋಕಾಯ್ತದಾ," ಎಂದೆ. ಮತ್ತೆ ನಗು.

ಕಪ್ಪು ಎಷ್ಟು ಕಪ್ಪು, ಬಿಳಿ ಎಷ್ಟು ಬಿಳಿ ಎಂದು ನಾನು ನೋಡಬೇಕಿತ್ತು. ನೋಡಲಾಗಲಿಲ್ಲ. ಆ ಹೆಂಗಸು ನನಗೇ ಅಪರಿಚಿತಳಾಗಿದ್ದಳು. ಪಕ್ಕಕ್ಕೆ ತಿರುಗಿದರೆ ಗಂಡ ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದರು, ಕಣ್ಣು ಕದಲಿಸದೆ. ದಿನಾ ಡೇರಿಗೆ ಹಾಲು ಹಾಕುತ್ತಿದ್ದವರು ಅವರೇ. ಆದರೆ ಸಾಲಿನ ಮೊದಲಿಗೆ ಬಂದು, ಕ್ಯಾನು ಕೊಟ್ಟು, ಗದ್ದೆಗೆ ಓಡುತ್ತಿದ್ದರು.

"ಇಂಗೆ ನಗ್ತಿದ್ದಾ ಅಲ್ಲಿ?" ಎಂದರು.

ಆಗ ಬಾಯಿ ಬಂತು ನನಗೆ. ಅಂಗಡಿಯವನು ಅಲ್ಲೇ ಇದ್ದ, ಇನ್ನೂ ಇಬ್ಬರು ಗಿರಾಕಿಗಳಿದ್ದರು. ತಡೆಯಲಾಗಲಿಲ್ಲ. "ನಂಗೆ ಟಿವಿ ಬ್ಯಾಡ," ಎಂದೆ. "ನಾನು ಕೇಳಿದ್ದು ಎರಡು ಗಂಟೆ. ಟಿವಿ ನೋಡೋಕೆ ಅಂತ ಊರೂರು ಸುತ್ತಿದ್ನಲ್ಲ, ಅದು ಟಿವಿಗಲ್ಲ. ಮನೆಯಿಂದ ಈಚೆ ಬರೋಕೆ. ಉಸ್ರು ಕಟ್ಟೋಯ್ತದೆ ನಂಗೆ."

ಅವರ ಮುಖ ಕೆಂಪಾಯಿತು. "ಇಲ್ಲೇ ಮಾತಾಡ್ಬೇಕಾ ಇದ್ನ?"

"ಮನೇಲಿ ಮಾತಾಡಿದ್ದಕ್ಕೇ ಟಿವಿ ಬಂತು."

ಅಂಗಡಿಯವನು ಮೆಲ್ಲಗೆ ಪೆನ್‌ಡ್ರೈವ್ ತೆಗೆದು ನನ್ನ ಕೈಗಿಟ್ಟ. ಐದು ಟಿವಿಗಳಲ್ಲೂ ಸಮುದ್ರ ಬಂತು. ನಾವು ಏನೂ ಕೊಳ್ಳದೆ ಹೊರಗೆ ಬಂದೆವು. ಊರು ಮುಟ್ಟುವವರೆಗೆ ಅವರು ಒಂದು ಮಾತಾಡಲಿಲ್ಲ, ರಾಗಿಯ ಬಗ್ಗೆಯೂ. ನಾನು ಬೈಕಿನ ಹಿಂದಿನ ಕಂಬಿ ಹಿಡಿದು ಕೂತಿದ್ದೆ. ತಪ್ಪು ಮಾಡಿದೆನೆಂದು ಅನಿಸಿತು. ಮರುಗಳಿಗೆ ಇಲ್ಲ ಅನಿಸಿತು.

ಹಬ್ಬ ಬಂತು, ಹೋಯಿತು. ಗಂಡ ಆ ಮಾತೆತ್ತಲಿಲ್ಲ, ಜಗಳವನ್ನೂ ಆಡಲಿಲ್ಲ. ಗೌರಿ ಗಣೇಶ ಮುಗಿದ ಎರಡನೆಯ ದಿನ ಬೆಳಿಗ್ಗೆ, ನಾನು ಅತ್ತೆಗೆ ಗಂಜಿ ಕುಡಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ಹೇಳಿದರು: "ನೀರು ನೋಡೋಕೆ ಎಂಟು ಗಂಟೆ ಮೇಲೆ ಓದ್ರೂ ಆಯ್ತದೆ. ಆರರಿಂದ ಎಂಟು ನಾನಿರ್ತೀನಿ ಅವ್ವನ್ ತಾವ. ನೀ ಓಗು."

ಗಂಜಿಯ ಬಟ್ಟಲನ್ನು ಅವರ ಕೈಗೆ ಕೊಟ್ಟು ಹಾಗೇ ಓಡಿದೆ. ಡೇರಿಯ ಮುಂದೆ ಸಾಲಿತ್ತು. ಕಾರ್ಯದರ್ಶಿ ನನ್ನನ್ನು ಕಂಡು ಎದ್ದು ನಿಂತರು. ಅವರ ಮುಖ ನೋಡಿದಾಗಲೇ ತಿಳಿಯಿತು.

"ನಿನ್ನೆ ತಾನೆ ಸಭೇಲಿ ತೀರ್ಮಾನ ಆಗೋಯ್ತು ಕಣವ್ವ. ಎರಡು ಪಾಳಿನೂ ಆ ಉಡುಗೀಗೇ ಕಾಯಂ ಮಾಡ್ಬುಟ್ರು. ಒಂದು ವಾರ ಮೊದ್ಲು ಬರಬಾರ್ದಾಗಿತ್ತಾ?"

ಯಂತ್ರದ ಮುಂದೆ ಕೂತಿದ್ದ ಹುಡುಗಿ ಕತ್ತು ತಗ್ಗಿಸಿದಳು. ಅವಳ ತಪ್ಪೇನಿತ್ತು? ಗಂಡನ ತಪ್ಪು ಎಂದು ಹೇಳಲೂ ಆಗಲಿಲ್ಲ. ಆರು ವಾರ ಕಪ್ಪು ಬಿಳುಪು ಅಳೆಯುತ್ತ ಸುತ್ತಿದವಳು ನಾನು. ಶ್ರೀರಂಗಪಟ್ಟಣದ ಸಾಬರ ಅಂಗಡಿಯಿಂದ ಬಂದ ಮೊದಲ ದಿನವೇ ಈ ಮಾತನ್ನು ಗಂಡನ ಮುಂದೆ ಹೇಳಿದ್ದರೆ ಆಗುತ್ತಿತ್ತು. ಮನೆಗೆ ಬಂದು ಹಿತ್ತಲಿನಲ್ಲಿ ಕೂತು ಅತ್ತುಬಿಟ್ಟೆ. ಗಂಡ ಬಂದು ಪಕ್ಕದಲ್ಲಿ ನಿಂತರು. "ನಂದೂ ತಪ್ಪಾಯ್ತು ಬುಡು," ಎಂದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅದರಿಂದ ಕುರ್ಚಿ ಮರಳಿ ಬರಲಿಲ್ಲ.

ಟಿವಿ ಬಂತು. ಸಾಬರ ಅಂಗಡಿಯ ಎರಡನೆಯದರ ಜಾತಿಯದೇ, ಆದರೆ ಐವತ್ತೈದು ಇಂಚು. ಪಕ್ಕದ ಗೋಡೆಗೆ ಕೂರಿಸಿದೆವು. ಎಡ ಮಗ್ಗುಲಾದರೆ ಅತ್ತೆಗೆ ಟಿವಿ, ಬಲ ಮಗ್ಗುಲಾದರೆ ಕಿಟಕಿ. ಧಾರಾವಾಹಿ ಅವರಿಗೆ ಹಿಡಿಸಲಿಲ್ಲ. ಹಿಡಿಸಿದ್ದು ಕಬಡ್ಡಿ. ಯಾರಾದರೂ ಗೆರೆ ಮುಟ್ಟಿ ವಾಪಸು ಓಡಿದರೆ ಎಡಗೈಯಲ್ಲಿ ಮಂಚದ ಪಟ್ಟಿಗೆ ಬಡಿಯುತ್ತಾರೆ. ನಾನು ಅದರ ಮುಂದೆ ಐದು ನಿಮಿಷ ಕೂರಲಾರೆ, ಎದ್ದು ಕೊಟ್ಟಿಗೆಗೆ ಹೋಗುತ್ತೇನೆ.

ಈಗ ಡೇರಿಗೆ ಹಾಲು ಹಾಕುವುದು ನಾನು. ಗಂಡ ಆ ಕೆಲಸ ಬಿಟ್ಟುಕೊಟ್ಟು, ಆ ಹೊತ್ತು ಅತ್ತೆಯ ಬಳಿ ಕೂರುತ್ತಾರೆ. ಆರೂವರೆಗೆ ಕ್ಯಾನು ಹಿಡಿದು ಹೋಗಿ, ಸಾಲಿನ ಕೊನೆಗೆ ನಿಲ್ಲುತ್ತೇನೆ. ಮುಂದಿರುವವರು ಜಾಗ ಬಿಡುತ್ತೇನೆಂದರೂ ಬೇಡವೆನ್ನುತ್ತೇನೆ. ಆ ಹುಡುಗಿ ಮೊದಮೊದಲು ನನ್ನ ಹಾಲಿನ ಅಳತೆಯನ್ನು ಪಿಸುಗುಟ್ಟುತ್ತಿದ್ದಳು. ಒಂದು ದಿನ ನಾನೇ ಹೇಳಿದೆ: "ಗಟ್ಟಿಯಾಗಿ ಕೂಗಮ್ಮ, ಇಂದ್ಗಡೆ ಇರೋರ್ಗೂ ಕೇಳ್ಬೇಕು." ಈಗ ಗಟ್ಟಿಯಾಗಿಯೇ ಕೂಗುತ್ತಾಳೆ. ಸಾಲು, ಮಾತು, ದಾರಿ ಎಲ್ಲ ಸೇರಿ ನಲವತ್ತು ನಿಮಿಷವಾಗುತ್ತದೆ. ಅದು ಸಾಕಾಗುವುದಿಲ್ಲ. ಹಾಗೆಂದು ಗಂಡನಿಗೂ ಹೇಳಿದ್ದೇನೆ.